ದಿನಕ್ಕೆ ಹತ್ತು ನಿಮಿಷದ ವಾಸ

ಬೆನ್ನ ಹಿಂದೆ ಎಲ್ಲರೂ ಅವಳನ್ನು ಟವೆಲಮ್ಮ ಎನ್ನುತ್ತಿದ್ದರು. ಎದುರಿಗೆ ಬಂದರೆ 'ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ'. ಅವಳು ಕೂರುತ್ತಿರಲಿಲ್ಲ. ಬಾಗಿಲು ತೆರೆದವರನ್ನು ದಾಟಿ ನೇರ ಬಚ್ಚಲಿಗೆ ನಡೆದು, ಅಲ್ಲಿ ತೂಗುಹಾಕಿದ ಟವೆಲಿಗೆ ಬಲಗೈಯ ಹಿಂಭಾಗ ತಾಗಿಸುತ್ತಿದ್ದಳು. ಅಂಗೈ ಅಲ್ಲ. ಅಂಗೈಗೆ ಅದರದ್ದೇ ಬೆವರಿರುತ್ತದೆ, ಅದರ ಮಾತು ನಂಬಬಾರದು ಎನ್ನುವುದು ಅವಳ ವಾದ. ಆಮೇಲೆ ಸೋಪು, ಹಲ್ಲುಜ್ಜುವ ಬ್ರಷ್ಷು, ಒಲೆ, ಹಾಸಿಗೆ, ಕಸದ ಬುಟ್ಟಿ, ಕೊನೆಗೆ ಹಿತ್ತಲ ಮಣ್ಣು. ಏಳು ಕಡೆ ಕೈ ತಾಗಿಸಿ ಫಾರ್ಮಿನಲ್ಲಿ ಏಳು ಪದ ಬರೆಯುತ್ತಿದ್ದಳು: ಹಸಿ ಅಥವಾ ಒಣ, ಬಿಸಿ ಅಥವಾ ತಣ್ಣಗೆ. ಬರೆದು ಮುಗಿಸಿ, ಕೊಟ್ಟ ಚಹಾವನ್ನು ಮುಟ್ಟದೆ ಹೊರಟುಬಿಡುತ್ತಿದ್ದಳು.

ಇದೇನು ಹುಚ್ಚು ಎಂದು ಹೊರಗಿನವರಿಗೆ ಅನ್ನಿಸೀತು. ದೇಶ ಒಂದೇ, ಬಾವುಟ ಒಂದೇ, ಅಂಚೆಚೀಟಿಯೂ ಒಂದೇ. ಆದರೆ ನೆಲದ ಕಾನೂನು ಆಯಾ ರಾಜ್ಯದ ಪಾಲು, ಅದರಲ್ಲಿ ಕೇಂದ್ರ ಸರ್ಕಾರ ಮೂಗು ತೂರಿಸುವಂತಿಲ್ಲ. ಊರಿನ ಅಂಚಿಗೆ ಹೊಳೆ, ಹೊಳೆಗೊಂದು ಸೇತುವೆ. ಸೇತುವೆಯ ಆಚೆ ತುದಿಗೆ ಬೇರೆ ರಾಜ್ಯ. ಅಲ್ಲಿ ದುಡ್ಡು ಕೊಟ್ಟವರದು ನೆಲ. ಯಾರಾದರೂ ಕೊಳ್ಳಬಹುದು, ಕೊಂಡು ಬೀಗ ಜಡಿದು ಮರೆತೂಬಿಡಬಹುದು. ಈಚೆ ತುದಿಗೆ ಅದು ನಡೆಯುವುದಿಲ್ಲ. ಈಚೆ ವಾಸವಿದ್ದವರದು ನೆಲ: ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಎದ್ದವರದು. ಮನೆ ಬರಿದೆ ಬಿದ್ದಿದ್ದರೆ, ದಾಖಲೆಯಲ್ಲಿ ತರಕಾರಿ ಹಿತ್ತಲು ಎಂದಿದ್ದಲ್ಲಿ ತರಕಾರಿ ಇಲ್ಲದಿದ್ದರೆ, ಸರ್ಕಾರ ಅದನ್ನು ಕಿತ್ತು ಮನೆಯಿಲ್ಲದ ಇನ್ನೊಬ್ಬರಿಗೆ ಕೊಡುತ್ತದೆ. ಕೇಳಲಿಕ್ಕೆ ಚೆಂದವೇ. ಆದರೆ ಒಬ್ಬರು ಒಂದು ಮನೆಯಲ್ಲಿ ನಿಜಕ್ಕೂ ಇದ್ದಾರೋ ಇಲ್ಲವೋ ಎಂದು ಹೇಗೆ ತಿಳಿಯಬೇಕು? ಅದಕ್ಕೇ ವಾಸ ತನಿಖೆಯ ಕಚೇರಿ, ಅದಕ್ಕೇ ಟವೆಲಮ್ಮ.

ಹದಿನಾಲ್ಕು ವರ್ಷದಲ್ಲಿ ಅವಳು ಕಾಣದ ಆಟವಿಲ್ಲ. ಆಚೆ ರಾಜ್ಯದ ಹಲ್ಲಿನ ಡಾಕ್ಟರೊಬ್ಬ ಈಚೆಗಿದ್ದ ತನ್ನ ಮನೆಯ ಒಲೆ ಬಿಸಿಯಾಗಿಡಲೆಂದೇ ಒಬ್ಬಳನ್ನು ಕೆಲಸಕ್ಕೆ ಇಟ್ಟಿದ್ದ. ಆ ಮಹಾತಾಯಿ ಅದೇ ಬೀದಿಯ ಮೂರು ಮನೆಯ ಒಲೆ ವಹಿಸಿಕೊಂಡು, ಒಂದೇ ಚೀಲ ಈರುಳ್ಳಿ ಸಿಪ್ಪೆಯನ್ನು ಮೂರೂ ಕಸದ ಬುಟ್ಟಿಗೆ ಹೊತ್ತು ತಿರುಗುತ್ತಿದ್ದಳು. ಟವೆಲಮ್ಮ ಸಿಪ್ಪೆಯ ಗುರುತು ಹಿಡಿದಳು. ಇನ್ನೊಂದು ಮನೆಯಲ್ಲಿ ಐದು ಬ್ರಷ್ಷು ಒದ್ದೆ ಮಾಡಿಟ್ಟಿದ್ದರು; ಐದರ ಕೂದಲೂ ಅಂಗಡಿಯಿಂದ ತಂದ ಹಾಗೇ ನೆಟ್ಟಗಿದ್ದವು. ಅವಳಿಗೆ ಚಳ್ಳೆಹಣ್ಣು ತಿನ್ನಿಸಲು ಬಂದವರೆಲ್ಲ ಹಣೆಯ ಬೆವರೊರೆಸಿಕೊಂಡು ಹೋದವರೇ.

ಮೊದಲು ಆ ಫಾರ್ಮಿನಲ್ಲಿ ಎಂಟು ಕಾಲಂ ಇದ್ದವು. ಎಂಟನೆಯದು 'ವಾಸವಿರುವವರು ಯಾರು?' ಅದನ್ನು ತೆಗೆಸಿದ್ದು ಇವಳೇ. ರಾಜಧಾನಿಯ ಸಭೆಯೊಂದರಲ್ಲಿ ಎದ್ದು ನಿಂತು, "ಸಾರ್, ಯಾರು ಅಂತ ಕೇಳಿದ ತಕ್ಷಣ ಸುಳ್ಳು ಶುರುವಾಗತ್ತೆ. ತಮ್ಮ ಅಂತಾರೆ, ಭಾವ ಅಂತಾರೆ, ಸತ್ತೋರ ಹೆಸರು ಬೇಕಾದ್ರೂ ಹೇಳ್ತಾರೆ. ಮನುಷ್ಯರನ್ನ ಕೇಳೋದೇ ಬೇಡ. ಮನೇನ ಕೇಳೋಣ, ಅದು ಸುಳ್ಳು ಹೇಳಲ್ಲ" ಎಂದಿದ್ದಳು. ದೊಡ್ಡ ಸಾಹೇಬರು ತಲೆದೂಗಿದರು. ಮುಂದಿನ ವರ್ಷದ ಫಾರ್ಮು ಏಳೇ ಕಾಲಮಿನದಾಗಿ ಬಂತು. ಆ ಹಳೆಯ ಮತ್ತು ಹೊಸ ಫಾರ್ಮನ್ನು ಅವಳು ಮೇಜಿನ ಗಾಜಿನ ಕೆಳಗೆ ಜೋಡಿಸಿಟ್ಟುಕೊಂಡಿದ್ದಳು. ಇದ್ದರೆ ಇರಲಿ ಬಿಡಿ, ಮನುಷ್ಯರಿಗೆ ಹೆಮ್ಮೆಗೆ ಏನಾದರೂ ಬೇಕು.

ಈಗ ಟವೆಲಮ್ಮನ ಸ್ವಂತ ಮನೆಯ ವಿಷಯಕ್ಕೆ ಬರೋಣ, ಅಲ್ಲಿ ಕಥೆ ಬೇರೆಯೇ ಇದೆ.

ಅವಳನ್ನು ಸಾಕಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ಹೊಲಿಗೆ ಯಂತ್ರ ರಿಪೇರಿಯ ಬೀದಿಯಲ್ಲಿ ದೊಡ್ಡಮ್ಮನದು ಎರಡು ಕೋಣೆಯ ಮನೆ, ಹಿಂದೆ ಮೂರು ಸಾಲು ಬೀನ್ಸು, ಎರಡು ಸಾಲು ಟೊಮೆಟೊ ಹಿಡಿಸುವ ಹಿತ್ತಲು. ಇದೇ ಕಾನೂನಿನಿಂದ, ಇನ್ಯಾರೋ ಬಿಟ್ಟುಹೋದ ಮನೆ ದೊಡ್ಡಮ್ಮನಿಗೆ ಸಿಕ್ಕಿತ್ತು. ಹಾಗಾಗಿ ಅವಳಿಗೆ ಒಂದೇ ಭಯ. ನೆಂಟರ ಮನೆಗೆ ಹೋದರೂ ಸಂಜೆಗೆ ವಾಪಸು. ಆಸ್ಪತ್ರೆಯ ಹಾಸಿಗೆಯಲ್ಲೂ "ಒಲೆ ಹಚ್ಚಿ ಬಂದ್ಯೇನೇ?" ಎಂದೇ ಕೇಳಿದಳು. ಕೊನೆಗೆ ಇವಳ ಕೈ ಹಿಡಿದು, "ಮನೆ ಖಾಲಿ ಬಿಡ್ಬೇಡ ಮಗಾ. ಖಾಲಿ ಬಿಟ್ರೆ ಯಾರಾದ್ರೂ ಬಂದು ತುಂಬ್ಕೋತಾರೆ" ಎಂದಳು. ಇವಳು ಹೂಂ ಎಂದಳು. ಸಾಯುವವರ ಮುಂದೆ ಹೂಂ ಅನ್ನದೆ ಇನ್ನೇನು ಮಾಡಲಿಕ್ಕಾಗುತ್ತದೆ?

ಕಾನೂನಿನ ಪ್ರಕಾರ ವಾರಸುದಾರರು ಮೂರು ವರ್ಷ ಆ ಮನೆಯಲ್ಲಿ ವಾಸವಿರಬೇಕು. ವರ್ಷಕ್ಕೊಂದು ತನಿಖೆ. ಮೊದಲಿನ ಎರಡು ಹೇಳದೆ ಕೇಳದೆ ಬರುವಂಥವು. ಮೂರನೆಯದಕ್ಕೆ ದಿನ ಗೊತ್ತು ಮಾಡಿರುತ್ತಾರೆ; ಅವತ್ತು ಅಧಿಕಾರಿ ಗೇಟಿನ ಹೊರಗೆ ನಿಂತು "ಮನೇಲಿದೀರಾ?" ಎಂದು ಮೂರು ಸಲ ಕೂಗಬೇಕು. ಒಳಗಿನಿಂದ "ಇದೀನಿ" ಎಂದು ಓಗೊಟ್ಟವರಿಗೆ ಮನೆ ಖಾಯಂ. ಮೂರು ಕೂಗಿಗೂ ಉತ್ತರವಿಲ್ಲದಿದ್ದರೆ 'ವಾಸವಿಲ್ಲ' ಎಂದು ಬರೆದುಕೊಂಡು ಹೊರಡಬೇಕು. ಕಾಗದಪತ್ರಗಳು ಕಡಿಮೆಯಿದ್ದ ಕಾಲದಿಂದ ಬಂದ ಪದ್ಧತಿ, ಯಾರೂ ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ.

ತೊಂದರೆಯೇನೆಂದರೆ, ಟವೆಲಮ್ಮನ ಸಂಸಾರ ಸೇತುವೆಯ ಆಚೆಗಿತ್ತು. ಗಂಡ ಆಚೆ ರಾಜ್ಯದವನು, ಕನ್ನಡಕದ ಗಾಜು ಅರೆಯುವವನು. ಮನೆಯ ಮುಂದಿನ ಕೋಣೆಯಲ್ಲೇ ಯಂತ್ರವಿಟ್ಟುಕೊಂಡು ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಸಂಜೆಯವರೆಗೂ ಅದರ ಗರಗರ ನಿಲ್ಲುವುದಿಲ್ಲ. ಅವನ ಗಿರಾಕಿಗಳು ಅಲ್ಲಿ, ಲೈಸೆನ್ಸು ಅಲ್ಲಿನದು. ಸಂಜೆ ಅವಳು ಬಂದು ಬಾಗಿಲು ಬಡಿದರೆ ಆ ಸದ್ದಿನ ನಡುವೆಯೇ "ಯಾರು?" ಎನ್ನುವನು. "ನಾನು" ಎನ್ನುವಳು. ಹದಿನೆಂಟು ವರ್ಷದಿಂದ ಇದೇ ನಡೆದಿತ್ತು. ದೊಡ್ಡಮ್ಮನ ಮನೆಗೆ ಹೋಗಿರೋಣವೇ ಎಂದು ಕೇಳಿದಾಗ ಅವನು ಗಾಜನ್ನು ಬೆಳಕಿಗೆ ಹಿಡಿದು, "ಎರಡು ಕೋಣೆ ಮನೇಲಿ ಯಂತ್ರ ಇಡ್ಲಾ, ನಿನ್ನ ಇಡ್ಲಾ? ಬಿಟ್ಬಿಡೇ ಆ ಮನೇನ" ಎಂದ. ಬಿಡಲು ಅವಳಿಂದ ಆಗಲಿಲ್ಲ. ಹೋಗಿ ಇರಲೂ ಆಗಲಿಲ್ಲ.

ಆಗ ಟವೆಲಮ್ಮ, ಎಲ್ಲರ ಆಟ ಬಲ್ಲವಳು, ತನ್ನದೊಂದು ಆಟ ಹೂಡಿದಳು. ಕಚೇರಿಗೆ ಹೋಗುವ ಮೊದಲು ಎರಡು ಸ್ಟಾಪು ಮುಂಚೆ ಬಸ್ಸಿಳಿದು ದೊಡ್ಡಮ್ಮನ ಮನೆಯ ಬೀಗ ತೆಗೆಯುವಳು. ನೀಲಿ ಟವೆಲನ್ನು ನೆನೆಸಿ ಹಿಂಡಿ ತೂಗುಹಾಕುವಳು. ಸೋಪನ್ನು ಕೈಯಲ್ಲಿ ತಿಕ್ಕುವಳು. ಬ್ರಷ್ಷಿನಿಂದ ನಿಜವಾಗಿಯೇ ಇನ್ನೊಮ್ಮೆ ಹಲ್ಲುಜ್ಜುವಳು, ಕೂದಲು ನೆಟ್ಟಗಿರಬಾರದಲ್ಲ. ಒಲೆಯ ಮೇಲೆ ನೀರು ಕುದಿಸಿ ಚೆಲ್ಲುವಳು. ಹಾಸಿಗೆಯ ಮೇಲೆ ಹೊರಳಿ ಏಳುವಳು. ಮನೆಯಿಂದ ತಂದ ಆಲೂಗಡ್ಡೆ ಸಿಪ್ಪೆಯನ್ನು ಬುಟ್ಟಿಗೆ ಸುರಿದು, ಹಿತ್ತಲಿಗೆ ನಾಲ್ಕು ಚೊಂಬು ನೀರು ಹುಯ್ಯುವಳು. ಎಲ್ಲ ಸೇರಿ ಹತ್ತು ನಿಮಿಷ. ಸ್ವಂತ ಮನೆಯ ತನಿಖೆಯನ್ನು ತಾನೇ ಮಾಡುವಂತಿಲ್ಲವಾದ್ದರಿಂದ ಆ ಬೀದಿ ಅವಳ ಕೈಕೆಳಗಿನವನ ಪಾಲಿಗೆ ಬಿತ್ತು. ಸದಾ ಅಳತೆಪಟ್ಟಿ ಜೇಬಿನಲ್ಲಿಟ್ಟುಕೊಂಡು ಓಡಾಡುವ ಅವನಿಗೆ ಕಚೇರಿಯಲ್ಲಿ ಟೇಪು ಎಂದೇ ಹೆಸರು. ಕೆಲಸ ಕಲಿಸಿದ್ದು ಇವಳೇ; ಅವನು ಇವಳನ್ನು ಅಕ್ಕ ಎನ್ನುತ್ತಿದ್ದ. ಎರಡು ವರ್ಷ ಎರಡು ವರದಿ ಬರೆದ, ಎರಡರಲ್ಲೂ ಹಸಿ, ಹಸಿ, ಬಿಸಿ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೆ ನಾಚಿಕೆಯೂ ಹತ್ತು ನಿಮಿಷದ್ದೇ. ಬಸ್ಸು ಹತ್ತಿದ ಮೇಲೆ ಇಳಿದುಹೋಗುತ್ತಿತ್ತು.

ಮೂರನೆಯ ವರ್ಷದ ಒಂದು ಸೋಮವಾರ ಬೆಳಿಗ್ಗೆ ಬೀಗ ತೆಗೆದು ಬಚ್ಚಲಿಗೆ ಹೋಗಿ, ಟವೆಲಿಗೆ ಕೈ ಹಾಕಿದಳು. ಟವೆಲು ಆಗಲೇ ಹಸಿಯಾಗಿತ್ತು.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಕೈ ತಿರುಗಿಸಿ ಹಿಂಭಾಗ ತಾಗಿಸಿದಳು. ಹಸಿ. ಹಿಂಡಿ ಹಾಕಿದ ಹಸಿಯಲ್ಲ, ಮೈಯೊರೆಸಿದ ಹಸಿ. ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಆ ವ್ಯತ್ಯಾಸ ರಾಜ್ಯದಲ್ಲಿ ಯಾರಿಗಾದರೂ ಗೊತ್ತಾಗುವುದಾದರೆ ಅವಳಿಗೇ. ಸೋಪಿನ ಮೇಲೆ ನೊರೆ ಇನ್ನೂ ಒಡೆಯುತ್ತಿತ್ತು. ಒಲೆ ಬಿಸಿ. ಹಾಸಿಗೆಗೆ ಕೈ ತಾಗಿಸಿದಳು. ಹಾಸಿಗೆ ಬೆಚ್ಚಗಿತ್ತು. ಗೋಡೆಯ ಬದಿಗೆ, ಚಿಕ್ಕಂದಿನಲ್ಲಿ ಅವಳೇ ಮುದುಡಿ ಮಲಗುತ್ತಿದ್ದ ಕಡೆಗೆ, ಒಂದು ತಗ್ಗು ಬಿದ್ದಿತ್ತು.

ಕಳ್ಳರಿರಬೇಕು ಎಂದು ಕೋಣೆ ಕೋಣೆ ಹುಡುಕಿದಳು. ಇದ್ದದ್ದೇ ಎರಡು ಕೋಣೆ. ಕಿಟಕಿಗಳ ಚಿಲಕ ಒಳಗಿನಿಂದ ಹಾಕಿದಂತೆಯೇ ಇತ್ತು. ಹಿತ್ತಲ ಬಾಗಿಲಿಗೆ ಅಗುಳಿ ಇತ್ತು. ಬೀಗಕ್ಕೆ ಒಂದೇ ಕೀಲಿಕೈ, ಅದು ಇವಳ ಕೈಯಲ್ಲಿ. ಒಂದು ಚಮಚವೂ ಕಾಣೆಯಾಗಿರಲಿಲ್ಲ. ಹಿತ್ತಲಲ್ಲಿ ಬೀನ್ಸಿನ ಬುಡದ ಕಳೆಯನ್ನು ಯಾರೋ ಕಿತ್ತು, ಅಚ್ಚುಕಟ್ಟಾಗಿ ಮೂಲೆಗೆ ರಾಶಿ ಹಾಕಿದ್ದರು. ಬೇರಿನ ಮಣ್ಣು ಇನ್ನೂ ಆರಿರಲಿಲ್ಲ.

ದೂರು ಕೊಡಬೇಕೆಂದು ಬೀದಿಯ ತುದಿಯವರೆಗೆ ಹೋದವಳು ಅಲ್ಲೇ ನಿಂತಳು. ಏನೆಂದು ಕೊಡುವುದು? ನನ್ನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ ಎಂದರೆ, 'ಹಾಗಾದರೆ ನೀವೆಲ್ಲಿದ್ದಿರಿ?' ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯನ್ನು ಅವಳೇ ನೂರಾರು ಜನರಿಗೆ ಕೇಳಿ ಅವರ ನೀರಿಳಿಸಿದ್ದಳು. ಬಾಯಿಬಿಟ್ಟರೆ ದೊಡ್ಡಮ್ಮನ ಮನೆ ಮರುದಿನವೇ ಸರ್ಕಾರದ್ದು. ತುಟಿಪಿಟಕ್ಕೆನ್ನದೆ ಕಚೇರಿಗೆ ಹೋಗಿ ಕುಳಿತಳು.

ಸಂಜೆ ಗಂಡನಿಗೆ ಹೇಳಿದಳು. ಅವನು ಯಂತ್ರ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ. "ನೀನೇ ಭಾನುವಾರ ಹೋಗಿದ್ದು ಮರೆತಿದೀಯೇನೋ" ಎಂದ. ಅವಳ ಮುಖ ನೋಡಿ, "ಹೋಗ್ಲಿ, ಯಾರೋ ಪುಕ್ಕಟೆ ನಿನ್ನ ಕೆಲಸ ಮಾಡಿಕೊಡ್ತಿದಾರೆ. ಕಳೆ ಬೇರೆ ಕೀಳ್ತಾರೆ. ನಮ್ಮನೆಗೂ ಕಳ್ಸು" ಎಂದು ನಕ್ಕ. ಅವಳಿಗೂ ನಗು ಬಂತು. ನಕ್ಕಿದ್ದೇ ತಪ್ಪಾಯಿತೋ ಏನೋ.

ಯಾಕೆಂದರೆ ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಮರುದಿನವೂ ಟವೆಲು ಹಸಿ, ಅದರ ಮರುದಿನವೂ. ಮಾಡಲು ಏನೂ ಉಳಿದಿರಲಿಲ್ಲ. ಗುರುವಾರ ಮಳೆ ಇದ್ದಿದ್ದರಿಂದ ಬಸ್ಸಿಳಿಯಲಿಲ್ಲ. ಮುಂದಿನ ವಾರ ಎರಡು ದಿನ ಇಳಿದಳು, ಅದರ ಮುಂದಿನ ವಾರ ಒಂದೂ ಇಲ್ಲ. ಕೆಲಸ ತಾನಾಗಿ ನಡೆಯುತ್ತಿರುವಾಗ ಯಾರು ಮೈ ಮುರಿಯುತ್ತಾರೆ ಹೇಳಿ. ಬಸ್ಸಿನ ಕಿಟಕಿಯಿಂದ ಬೀದಿಯ ತುದಿಗೆ ಮನೆ ಕಾಣುತ್ತಿತ್ತು. ಒಂದು ದಿನ ಕಿಟಕಿ ತೆರೆದಿತ್ತು. ಇನ್ನೊಂದು ದಿನ ಅಂಗಳದ ತಂತಿಯ ಮೇಲೆ ಬಟ್ಟೆ ಒಣಹಾಕಿತ್ತು. ಯಾರ ಬಟ್ಟೆಯೆಂದು ತಿಳಿಯುವಷ್ಟು ಹೊತ್ತು ಬಸ್ಸು ನಿಲ್ಲುತ್ತಿರಲಿಲ್ಲ, ಅವಳೂ ಅತ್ತ ಕತ್ತು ಚಾಚುತ್ತಿರಲಿಲ್ಲ.

ಒಂದು ಸೋಮವಾರ ಟೇಪು ಮೇಜಿನ ಹತ್ತಿರ ಬಂದು ಹಲ್ಲು ಕಿರಿದ. "ನಿನ್ನೆ ಮಧ್ಯಾಹ್ನ ನಿಮ್ಮನೆ ಮುಂದೆ ಹೋಗ್ತಿದ್ದೆ ಅಕ್ಕ. ಕೈ ಬೀಸಿದೆ, ನೀವೂ ಕಿಟಕೀಲಿ ನಿಂತು ಬೀಸಿದ್ರಲ್ಲ. ಒಳಗೆ ಕರೀತೀರೇನೋ ಅಂತ ನೋಡ್ದೆ, ಕರೀಲೇ ಇಲ್ಲ."

ಭಾನುವಾರ ಮಧ್ಯಾಹ್ನ ಟವೆಲಮ್ಮ ಸೇತುವೆಯ ಆಚೆ, ತನ್ನ ಅಡುಗೆಮನೆಯಲ್ಲಿ ಗಂಡನ ಅಂಗಿಗೆ ಗುಂಡಿ ಹಾಕುತ್ತಿದ್ದಳು. "ಹೌದೌದು, ಕೆಲಸ ಇತ್ತು ಕಣೋ" ಎಂದಳು. ಬೇರೆ ಏನು ಹೇಳಬಹುದಿತ್ತು? ಆದರೆ ಹಾಗೆ ಹೇಳಿದ ಗಳಿಗೆಯಲ್ಲಿ, ಏನನ್ನೋ ಯಾರಿಗೋ ಬರೆದುಕೊಟ್ಟಂತೆ ಅವಳಿಗೆ ಅನ್ನಿಸಿತು. ಮೂರನೆಯ ತನಿಖೆಗೆ ಹನ್ನೊಂದು ದಿನ ಉಳಿದಿತ್ತು.

ಆ ದಿನವೇ ಮಧ್ಯಾಹ್ನ ಅರ್ಧ ರಜೆ ಹಾಕಿ ದೊಡ್ಡಮ್ಮನ ಮನೆಗೆ ಹೋದಳು. ಬಿಸಿಲು ಚುರುಗುಟ್ಟುತ್ತಿತ್ತು. ಬಾಗಿಲ ಬಳಿ ಒಂದು ಜೊತೆ ಚಪ್ಪಲಿ, ಅವಳ ಅಳತೆಯದೇ. ಕೀಲಿಕೈ ಹಾಕಿ ತೆರೆದಳು. ಒಳಗೆ ಈರುಳ್ಳಿ ಹುರಿದ ವಾಸನೆ. ಮೇಜಿನ ಮೇಲೆ ಒಂದು ತಟ್ಟೆ, ಒಂದು ಲೋಟ. ಬಚ್ಚಲಲ್ಲಿ ಕೆಂಪು ಟವೆಲೊಂದು ತೂಗುತ್ತಿತ್ತು, ಅದರಿಂದ ಹನಿ ಬೀಳುತ್ತಿತ್ತು. ತನ್ನ ನೀಲಿ ಟವೆಲು ಎಲ್ಲಿ ಎಂದು ಹುಡುಕಿದಳು. ಅದು ಕಪಾಟಿನ ತಳದಲ್ಲಿ, ದೊಡ್ಡಮ್ಮನ ಹಳೆಯ ಬಟ್ಟೆಗಳ ಜೊತೆಗೆ, ನಾಲ್ಕು ಮಡಿಕೆಯಾಗಿ, ಗರಿಗರಿಯಾಗಿ ಒಣಗಿ ಕುಳಿತಿತ್ತು. ಸತ್ತವರ ಬಟ್ಟೆಗಳ ಜೊತೆ ಇಟ್ಟಿದ್ದರು.

"ಯಾರದು?" ಎಂದಳು. ಕಚೇರಿಯ ಗಟ್ಟಿ ದನಿ ಬರಲಿಲ್ಲ.

ಉತ್ತರವಿಲ್ಲ. ಆದರೆ ಮನೆ ಖಾಲಿ ಇರಲಿಲ್ಲ. ಖಾಲಿ ಮನೆಯ ಮೌನ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವಳ ಕಸುಬು. ಇದು ಬೇರೆ. ಹೊತ್ತಲ್ಲದ ಹೊತ್ತಿಗೆ ಬಂದ ನೆಂಟರು ಯಾವಾಗ ಎದ್ದು ಹೋಗುತ್ತಾರೋ ಎಂದು ಮನೆಯವರು ಬಾಯಿ ಮುಚ್ಚಿಕೊಂಡು ಕಾಯುತ್ತಾರಲ್ಲ, ಆ ಮೌನ. ಆ ಕ್ಷಣ ಟವೆಲಮ್ಮನಿಗೆ ಎಲ್ಲ ಹೊಳೆಯಿತು. ಹೊರಗಿನಿಂದ ಯಾರೂ ಬಂದಿರಲಿಲ್ಲ. ಎರಡು ವರ್ಷ ದಿನಕ್ಕೆ ಹತ್ತು ನಿಮಿಷದಂತೆ ಅವಳೇ ಇಲ್ಲೊಬ್ಬಳನ್ನು ತಯಾರಿಸಿದ್ದಳು: ಟವೆಲು ಒದ್ದೆ ಮಾಡುವವಳನ್ನು, ಹಾಸಿಗೆಯಲ್ಲಿ ಹೊರಳುವವಳನ್ನು, ಸಿಪ್ಪೆ ಸುರಿಯುವವಳನ್ನು. ಅವಳು ಕಟ್ಟಿದ ಸುಳ್ಳು ಈಗ ಸ್ನಾನ ಮಾಡಿ, ಮೈಯೊರೆಸಿಕೊಂಡು, ಊಟ ಮುಗಿಸಿ ಕುಳಿತಿತ್ತು. ಹೊರಗೆ ಓಡಿದಳು. ಗಾಬರಿಯಲ್ಲೂ ಚಪ್ಪಲಿಗಳನ್ನು ತುಳಿಯದೆ ಬಳಸಿಕೊಂಡು ಹೋದಳು.

ಗಂಡನ ಮುಂದೆ ಅತ್ತುಬಿಟ್ಟಳು. "ನಾನು ಹೋಗಿ ಅಲ್ಲೇ ಇರ್ತೀನಿ ಕಣ್ರೀ. ಇವತ್ತಿಂದಾನೇ. ಹತ್ತು ದಿನ. ನಿಜವಾಗ್ಲೂ ಇದ್ದುಬಿಟ್ರೆ ಅದು ಹೋಗತ್ತೆ."

"ಹೋಗು. ನಾನೇನು ಕಟ್ಟಿಹಾಕಿದೀನಾ?" ಎಂದ ಅವನು. ಆಮೇಲೆ ಮೆತ್ತಗೆ, "ನಾನೂ ಬರ್ಲೇನೇ?" ಎಂದ. ಬೇಡವೆಂದಳು. ಆಚೆ ರಾಜ್ಯದವನ ಬ್ರಷ್ಷು ಆ ಮನೆಯಲ್ಲಿ ಕಂಡರೆ ಟೇಪು ಇನ್ನೊಂದು ಪ್ರಶ್ನೆ ಎತ್ತುತ್ತಾನೆ ಎಂದು ಆ ಸ್ಥಿತಿಯಲ್ಲೂ ಲೆಕ್ಕ ಹಾಕಿದಳು, ಅಭ್ಯಾಸಬಲ.

ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ, ಹೊಸದೊಂದು ಟವೆಲು ತುಂಬಿಕೊಂಡು ಮರುದಿನ ಬೆಳಿಗ್ಗೆ ಗೇಟು ತೆರೆದಳು. ಬೀಗ ಇರಲಿಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ತಳ್ಳಿದಳು, ಬಡಿದಳು, ಭುಜ ಕೊಟ್ಟು ನೂಕಿದಳು. ಒಳಗೆ ಯಾರೋ ಸೌಟು ಕೆಳಗಿಟ್ಟ ಸದ್ದಾಯಿತು. ಹಿತ್ತಲ ಕಡೆಗೂ ಸುತ್ತಿ ಬಂದಳು. ಅಲ್ಲೂ ಅಗುಳಿ, ಕಿಟಕಿಗಳಿಗೆ ಪರದೆ.

ಎದುರಿನ ಅಂಗಡಿಯ ದರ್ಜಿ ಹೆಂಗಸು ಹೊಲಿಗೆ ನಿಲ್ಲಿಸಿ ನೋಡುತ್ತಿದ್ದಳು. ಕಳೆದ ವರ್ಷವಷ್ಟೇ ಆ ಬೀದಿಗೆ ಬಂದವಳು. ಟವೆಲಮ್ಮನ ಹತ್ತು ನಿಮಿಷ ಮುಗಿದ ಮೇಲೆಯೇ ಅವಳ ಅಂಗಡಿ ತೆರೆಯುತ್ತಿದ್ದುದರಿಂದ ಇಬ್ಬರಿಗೂ ಮುಖಪರಿಚಯವಿರಲಿಲ್ಲ.

"ಯಾರು ಬೇಕಿತ್ತಮ್ಮಾ? ಮೇಡಂ ಒಳಗೇ ಇದಾರಲ್ಲ. ಜೋರಾಗಿ ಕೂಗಿ."

"ಯಾವ ಮೇಡಂ?"

"ಅದೇ, ತನಿಖೆ ಆಫೀಸಿನೋರು. ನಂಗೆ ದಿನಾ ಸಿಗ್ತಾರೆ, ಟೊಮೆಟೊ ಕೊಡ್ತಾರೆ." ದರ್ಜಿ ಸೂಜಿಯನ್ನು ತುಟಿಯ ನಡುವಿನಿಂದ ತೆಗೆದು ಇವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ತಂಗೀನಾ? ಮುಖ ಒಂದೇ ಥರ ಇದೆ. ಅವರು ಒಂಚೂರು ಮೈಕೈ ತುಂಬ್ಕೊಂಡಿದಾರೆ, ನೀವು ಪಾಪ ಒಣಗಿಹೋಗಿದೀರ."

ಒಂಬತ್ತು ದಿನ ಒಂಬತ್ತು ಸಲ ಹೋದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಒಂದು ಸಲವೂ ಬಾಗಿಲು ತೆರೆಯಲಿಲ್ಲ. ಬೀಗ ರಿಪೇರಿಯವನನ್ನು ಕರೆತಂದು ಒಡೆಸೋಣವೆಂದರೆ, ಒಳಗೆ ವಾಸವಿರುವವರ ಬಾಗಿಲು ಹೊರಗಿನವರು ಒಡೆಸುವಂತಿಲ್ಲ. ಆ ಕಲಮನ್ನು ಅವಳು ಬಾಯಿಪಾಠ ಹೇಳಬಲ್ಲಳು. ಟೇಪಿಗೆ ಹೇಳಲು ಎರಡು ಸಲ ಅವನ ಮೇಜಿನವರೆಗೆ ಹೋಗಿ ಸುಮ್ಮನೆ ಪಿನ್ನು ಕೇಳಿ ವಾಪಸು ಬಂದಳು. ಹೇಳಿದ್ದರೆ ಮನೆ ಹೋಗುತ್ತಿತ್ತು, ನಿಜ. ಬರೀ ಮನೆ ಹೋಗುತ್ತಿತ್ತು. ಆದರೆ ಅದು ಅವಳಿಗೆ ತಿಳಿದದ್ದು ತಡವಾಗಿ.

ತನಿಖೆಯ ದಿನ ಒಂದು ಉಪಾಯ ಮಾಡಿದ್ದಳು. ಟೇಪು ಬರುವುದು ಮೂರು ಗಂಟೆಗೆ. ಕಚೇರಿಗೆ ರಜೆ ಹಾಕಿ, ಎರಡೂವರೆಗೇ ಹೋಗಿ ಗೇಟಿನ ಒಳಗೆ, ಅಂಗಳದಲ್ಲಿ ನಿಲ್ಲುವುದು. ಅಂಗಳವೂ ಮನೆಯೊಳಗೇ ಲೆಕ್ಕ. ಅವನು ಕೂಗಿದ ಕೂಡಲೇ ಅಲ್ಲಿಂದಲೇ ಓಗೊಡುವುದು. ಒಮ್ಮೆ ಮನೆ ಖಾಯಂ ಆಗಲಿ, ಒಳಗಿರುವುದನ್ನು ಆಮೇಲೆ ನೋಡಿಕೊಂಡರಾಯಿತು. ಆದರೆ ಸೇತುವೆಯ ಮೇಲೆ ಲಾರಿಯೊಂದು ಅಡ್ಡ ನಿಂತು ಬಸ್ಸು ನಲವತ್ತು ನಿಮಿಷ ಕದಲಲಿಲ್ಲ. ಎರಡು ರಾಜ್ಯದ ಪೊಲೀಸರೂ ಬಂದು, ಲಾರಿಯ ಮುಂದಿನ ಚಕ್ರ ಯಾರದು, ಹಿಂದಿನ ಚಕ್ರ ಯಾರದು ಎಂದು ವಾದಕ್ಕೆ ನಿಂತರು. ಅವಳು ಇಳಿದು ಓಡಿದಳು.

ಬೀದಿಯ ತಿರುವಿನಲ್ಲಿ ಟೇಪಿನ ಬೆನ್ನು ಕಂಡಿತು. ಗೇಟಿನ ಹೊರಗೆ ನೆಟ್ಟಗೆ ನಿಂತು, ಅವಳು ಕಲಿಸಿದ ಹಾಗೇ ಕೈ ಕಟ್ಟಿಕೊಂಡು ಕೂಗುತ್ತಿದ್ದ.

"ಮನೇಲಿದೀರಾ?"

ಓಡಿ ಓಡಿ ಉಸಿರು ಸಿಕ್ಕಿಕೊಂಡಿತ್ತು. ಓಗೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

"ಇದೀನಿ, ಬನ್ನಿ."

ಅದು ಟವೆಲಮ್ಮನ ದನಿಯೇ. ಹದಿನಾಲ್ಕು ವರ್ಷ ಎಲ್ಲರ ಬೆವರಿಳಿಸಿದ, ಒಂಚೂರೂ ನಡುಗದ ಕಚೇರಿಯ ದನಿ. ಬಾಗಿಲಿನ ಅಗುಳಿ ಸಲೀಸಾಗಿ ಸರಿಯಿತು. ಟೇಪು ಚಪ್ಪಲಿ ಕಳಚಿ ಒಳಗೆ ಹೋದ.

ಅವಳು ಗೇಟಿನ ಹತ್ತಿರ ನಿಂತಳು. ಗೇಟು ತೆರೆದೇ ಇತ್ತು. ಒಳಗೆ ಹೆಜ್ಜೆಯಿಡಲು ಅವಳಿಂದಾಗಲಿಲ್ಲ. ಕರೆಯದ ಮನೆಗೆ ನುಗ್ಗಲು ಹೇಗೆ ಕಾಲು ಬಾರದೋ ಹಾಗೆ. ಒಳಗಿನ ಸದ್ದೆಲ್ಲ ಕೇಳುತ್ತಿತ್ತು. ಟೇಪು ಬಚ್ಚಲಿಗೆ ಹೋದದ್ದು, ಹಿತ್ತಲಿಗೆ ಹೋದದ್ದು. ಲೋಟದಲ್ಲಿ ಚಮಚ ತಿರುಗಿದ್ದು. "ಅಯ್ಯೋ, ಚಹಾ ಯಾಕಕ್ಕ? ನೀವೇ ಕುಡೀಬಾರ್ದು ಅಂತ ಕಲಿಸಿದ್ದು" ಎಂದು ಅವನು ನಕ್ಕದ್ದು. ಒಳಗಿನವಳೂ ನಕ್ಕಳು. "ಇವತ್ತೊಂದಿನ ಕುಡಿಯೋ" ಎಂದಳು. ಟವೆಲಮ್ಮ ಹಾಗೆ ಯಾವತ್ತೂ ಯಾರಿಗೂ ಹೇಳಿರಲಿಲ್ಲ. ಹೇಳಬಹುದಿತ್ತು ಎಂದು ಈಗ ಅನ್ನಿಸಿತು.

ಕಾಲು ಗಂಟೆಯ ನಂತರ ಟೇಪು ಫಾರ್ಮಿನ ಮೇಲೆ ಊದುತ್ತ ಹೊರಬಂದ. ಏಳು ಕಾಲಂ ತುಂಬಿದ್ದವು. ಕೆಳಗೆ ಸಹಿ ಇತ್ತು, ಟವೆಲಮ್ಮನದೇ ಸಹಿ. ಅವಳು ಇತ್ತೀಚೆಗೆ ಹಾಕುವ ಸೋತ ಗೀಚಲ್ಲ, ಕೆಲಸಕ್ಕೆ ಸೇರಿದ ವರ್ಷ ಹಾಕುತ್ತಿದ್ದ ದುಂಡನೆಯದು.

"ಲೋ, ನಾನು ಕಣೋ" ಎಂದಳು.

ಅವನು ತಲೆಯೆತ್ತಿದ. ಕಣ್ಣಲ್ಲಿ ಗುರುತಿರಲಿಲ್ಲ. ಮರ್ಯಾದೆ ಇತ್ತು, ಅವನು ಒಳ್ಳೆಯವನು. "ಯಾರನ್ನ ನೋಡ್ಬೇಕಿತ್ತಮ್ಮಾ?"

"ಒಳಗಿರೋದು ಯಾರು? ಅದನ್ನ ಬರ್ಕೊಂಡ್ಯಾ? ಯಾರು ಅಂತ ಕೇಳಿದ್ಯಾ?"

"ಆ ಕಾಲಂ ಇಲ್ಲಮ್ಮಾ ಈಗ." ಅವಳ ಕೈಯಲ್ಲಿದ್ದ ಚೀಲದಿಂದ ಹೊಸ ಟವೆಲಿನ ತುದಿ ಹೊರಗೆ ಜೋತುಬಿದ್ದಿತ್ತು. ಅಭ್ಯಾಸದಿಂದ ಅವನ ಬಲಗೈಯ ಹಿಂಭಾಗ ಅದಕ್ಕೆ ತಾಗಿತು. ಅವನ ಮುಖದಲ್ಲಿ ಕನಿಕರ ಮೂಡಿತು. "ದೂರದಿಂದ ಬಂದಿದೀರಾ? ಈ ರಾಜ್ಯದಲ್ಲಿ ಮನೆ ಬೇಕಂದ್ರೆ ಅರ್ಜಿ ಹಾಕ್ಬೇಕು. ಬೆಳಿಗ್ಗೆ ಆಫೀಸಿಗೆ ಬನ್ನಿ, ನಮ್ಮಕ್ಕ ಇರ್ತಾರೆ. ಕಟ್ಟುನಿಟ್ಟು, ಆದ್ರೆ ಒಳ್ಳೇವ್ರು."

ಗೇಟನ್ನು ಮೆಲ್ಲಗೆ ಮುಚ್ಚಿ ಅವನು ಹೊರಟ. ಕಿಟಕಿಯ ಪರದೆ ಒಂದಿಷ್ಟು ಸರಿದು ಮತ್ತೆ ಮುಚ್ಚಿಕೊಂಡಿತು.

ಸಂಜೆಯ ಬಸ್ಸಿನಲ್ಲಿ ಸೇತುವೆ ದಾಟಿದಳು. ಮನೆ ಹೋಯಿತು, ಹೋಗಲಿ, ದೊಡ್ಡಮ್ಮನಿಗೆ ಕೊಟ್ಟ ಮಾತಂತೂ ಒಂದು ರೀತಿಯಲ್ಲಿ ಉಳಿಯಿತು, ಮನೆ ಖಾಲಿ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅಳು ಬಂತು. ಗಂಡನ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅಳಬೇಕು, ಅವನು 'ಮೊದಲೇ ಹೇಳಿರ್ಲಿಲ್ವಾ' ಎಂದು ಬೈಯಬೇಕು, ಇನ್ನು ಮುಂದೆ ಒಂದೇ ಮನೆಯಲ್ಲಿ ಪೂರ್ತಿ ಇರಬೇಕು. ಅಷ್ಟೇ ಸಾಕು ಅನ್ನಿಸಿತು.

ಬಾಗಿಲು ಬಡಿದಳು. ಒಳಗೆ ಗಾಜು ಅರೆಯುವ ಯಂತ್ರದ ಗರಗರ.

"ಯಾರು?"

ಹದಿನೆಂಟು ವರ್ಷದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಮಧ್ಯಾಹ್ನ ಅದೇ ಮಾತನ್ನು ಟೇಪಿಗೆ ಹೇಳಿದ್ದಳು, ಅದು ನಡೆದಿರಲಿಲ್ಲ. ಇಲ್ಲಿಯೂ ನಡೆಯದಿದ್ದರೆ? ಈ ಹತ್ತು ದಿನದಲ್ಲಿ ತಾನು ಈ ಮನೆಯಲ್ಲಿ ಎಷ್ಟು ಹೊತ್ತು ಇದ್ದೆ ಎಂದು ಎಣಿಸಲು ಹೋದಳು. ಬೆಳಿಗ್ಗೆ ಸ್ನಾನ ಮಾಡಿದ್ದು ನೆನಪಾಗಲಿಲ್ಲ. ನಿನ್ನೆ ಊಟ ಮಾಡಿದ್ದೂ ನೆನಪಾಗಲಿಲ್ಲ. ಒಳಗೆ ತನ್ನ ಟವೆಲು ಹಸಿ ಇದೆಯೋ ಒಣಗಿದೆಯೋ, ಹೇಳಲಿಕ್ಕೇ ಆಗಲಿಲ್ಲ.

"ಯಾರು?"

ಯಂತ್ರ ನಿಂತಿತು. ಎರಡು ಸಲ ಆಯಿತು. ಮೂರನೆಯ ಕೂಗಿಗಾದರೂ ಓಗೊಡಬೇಕು, ಆ ಕಾನೂನು ಸೇತುವೆಯ ಆಚೆಗಿನ ಈ ರಾಜ್ಯದಲ್ಲಿ ಇಲ್ಲ ಎಂದು ಗೊತ್ತಿದ್ದರೂ ಅವಳು ಎಣಿಸುತ್ತಿದ್ದಳು. ಬಾಗಿಲಿಗೆ ಬಾಯಿ ತಂದು ಹೇಳಲು ಹೋದಳು. ಗಂಟಲಪಸೆ ಆರಿಹೋಗಿತ್ತು.

"ಯಾರು?" ಎಂದು ಒಳಗಿನಿಂದ ಅವನು ಮತ್ತೆ ಕೇಳಿದ.